ಇಂಗ್ಲೆಂಡಿನ ಆಸ್ಪತ್ರೆಯಿಂದ ಮನೆಗೆ: ಡಿಸ್ಚಾರ್ಜ್ ವ್ಯವಸ್ಥೆಯ ಒಳಗುಟ್ಟು

ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಎಂದರೆ ಬಹುಮಟ್ಟಿಗೆ ಬಿಲ್ಲಿನ ಕೆಲಸ. ಬೆಳಿಗ್ಗೆ ವೈದ್ಯರು ಮನೆಗೆ ಹೋಗಬಹುದೆಂದ ಮೇಲೂ ಇನ್ಶೂರೆನ್ಸಿನವರ ಒಪ್ಪಿಗೆ ಬರುವ ತನಕ ಕೌಂಟರಿನ ಮುಂದೆ ಸಂಜೆಯಾಗುತ್ತದೆ. ಇಂಗ್ಲೆಂಡಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲೂ ಕಾಯುವುದು ತಪ್ಪುವುದಿಲ್ಲ, ಆದರೆ ಇಲ್ಲಿ ಕಾಯುವುದು ಔಷಧಿಯ ಚೀಲಕ್ಕೆ, ಕರೆದೊಯ್ಯುವ ವಾಹನಕ್ಕೆ, ಮನೆಗೆ ಬಂದು ನೋಡಿಕೊಳ್ಳಬೇಕಾದ ಕೇರರ್‌ಗೆ. ಈ ಮೂರನ್ನೂ ಕೊನೆಯ ದಿನ ಹುಡುಕಹೊರಟರೆ ತಡವಾಗುತ್ತದೆ. ರೋಗಿ ದಾಖಲಾದ ದಿನವೇ ಮನೆಗೆ ಹೋಗುವ ಮಾತನ್ನೂ ನೀವೇ ಎತ್ತಬೇಕು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ಏರ್ಪಾಡುಗಳು ಬೇರೆಯಾದ್ದರಿಂದ ಇಲ್ಲಿ ಹೇಳುವುದು ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತದೆ.

ತುರ್ತು ವಿಭಾಗಕ್ಕೆ ಬಂದವರನ್ನು ನಾಲ್ಕು ಗಂಟೆಯೊಳಗೆ ದಾಖಲಿಸಬೇಕು, ಬೇರೆಡೆಗೆ ವರ್ಗಾಯಿಸಬೇಕು ಇಲ್ಲವೇ ಮನೆಗೆ ಕಳುಹಿಸಬೇಕು ಎಂಬ ಗುರಿ ಇಲ್ಲಿದೆ. ಮೇಲಿನ ವಾರ್ಡಿನಲ್ಲಿ ಹಾಸಿಗೆ ತೆರವಾಗದೆ ಆ ಗುರಿ ಈಡೇರುವುದಿಲ್ಲ. ತೆರವಾಗದಿದ್ದರೆ ಕೆಳಗೆ ಯಾರದೋ ತಾಯಿ ಕಾರಿಡಾರಿನ ಟ್ರಾಲಿಯ ಮೇಲೆ ರಾತ್ರಿ ಕಳೆಯುತ್ತಾರೆ. ಹೀಗಾಗಿ ಮಧ್ಯಾಹ್ನದೊಳಗೆ ಹೊರಡಿ ಎಂದು ನರ್ಸ್ ಅವಸರಪಡಿಸಿದಾಗ ಅದನ್ನು ನಿರ್ದಯೆ ಎಂದುಕೊಳ್ಳಬೇಕಿಲ್ಲ. ಪ್ರತಿದಿನ ಬೆಳಿಗ್ಗೆ ವೈದ್ಯರು, ನರ್ಸ್, ಫಿಸಿಯೋಥೆರಪಿಸ್ಟ್ ಮೊದಲಾದವರು ವಾರ್ಡಿನ ಬಿಳಿ ಹಲಗೆಯ ಮುಂದೆ ನಿಂತು ಒಬ್ಬೊಬ್ಬ ರೋಗಿಯ ಬಗ್ಗೆ ಒಂದೆರಡು ನಿಮಿಷ ಮಾತಾಡುತ್ತಾರೆ. ಇದಕ್ಕೆ ಬೋರ್ಡ್ ರೌಂಡ್ ಎನ್ನುತ್ತಾರೆ. ರೋಗಿ ಯಾವ ದಿನ ಮನೆಗೆ ಹೋಗಬಹುದೆಂಬ ಅಂದಾಜು ದಿನಾಂಕವೂ ಆ ಹಲಗೆಯ ಮೇಲೆ ಇರುತ್ತದೆ. ಅದನ್ನು ಕೇಳಿ ತಿಳಿದುಕೊಳ್ಳುವುದು ನಿಮ್ಮ ಮೊದಲ ಕೆಲಸ.

‘ಮೆಡಿಕಲಿ ಫಿಟ್’ ಎಂಬ ಮಾತನ್ನು ನಮ್ಮವರು ಗುಣವಾಯಿತು ಎಂದು ತಿಳಿಯುತ್ತಾರೆ. ಅದರ ಅರ್ಥ, ಇನ್ನುಳಿದ ಆರೈಕೆಗೆ ಆಸ್ಪತ್ರೆಯ ಹಾಸಿಗೆ ಬೇಕಿಲ್ಲ ಎಂದಷ್ಟೇ. ನಿತ್ರಾಣ, ನೋವು, ಕಟ್ಟು ಬದಲಿಸುವುದು, ನಡಿಗೆಯ ಅಭ್ಯಾಸ ಎಲ್ಲವೂ ಮನೆಯಲ್ಲಿ ಮುಂದುವರಿಯುತ್ತವೆ. ಹಾಗೆ ಹೋಗುವ ದಾರಿಗಳನ್ನು ಸೊನ್ನೆಯಿಂದ ಮೂರರವರೆಗಿನ ಅಂಕಿಗಳಿಂದ ಗುರುತಿಸುತ್ತಾರೆ: ಸೊನ್ನೆ ಎಂದರೆ ಹೊಸ ನೆರವಿಲ್ಲದೆ ಮನೆಗೆ, ಒಂದು ಎಂದರೆ ನೆರವಿನೊಂದಿಗೆ ಮನೆಗೆ, ಎರಡು ಎಂದರೆ ಸ್ವಲ್ಪಕಾಲದ ಪುನಶ್ಚೇತನ ಕೇಂದ್ರಕ್ಕೆ, ಮೂರು ಎಂದರೆ ಹೆಚ್ಚಿನ ಆರೈಕೆ ಬೇಕಾದವರಿಗೆ ಕೇರ್ ಹೋಮ್‌ಗೆ. ದೀರ್ಘಕಾಲದ ಅಗತ್ಯಗಳನ್ನು ಮನೆ ತಲುಪಿದ ಮೇಲೆ ಅಳೆಯುವುದು ಈಗಿನ ಪದ್ಧತಿ. ಇಲ್ಲಿ ನೆಲೆಸಿದವರಿಗೆ ಚೇತರಿಕೆಗೆಂದು ಕೊಡುವ ನೆರವು 6 ವಾರಗಳವರೆಗೆ ಉಚಿತವಾಗಿರುತ್ತದೆ. ಆಮೇಲೆ ಸ್ಥಳೀಯ ಕೌನ್ಸಿಲ್ ಆದಾಯ ಮತ್ತು ಉಳಿತಾಯವನ್ನು ನೋಡಿ ಶುಲ್ಕ ನಿರ್ಧರಿಸುತ್ತದೆ.

ನಮ್ಮ ಜೊತೆಗೇ ನೆಲೆಸಿರುವ ಅತ್ತೆಯವರು ಬಿದ್ದು ತೊಡೆಮೂಳೆ ಮುರಿದುಕೊಂಡಾಗ ಯಾವ ದಾರಿ ಸರಿ ಎಂದು ಆಸ್ಪತ್ರೆಯಲ್ಲಿ ಅಳೆಯುವುದನ್ನು ಹತ್ತಿರದಿಂದ ಕಂಡೆ. ಫಿಸಿಯೋ ಅವರನ್ನು ನಾಲ್ಕು ಮೆಟ್ಟಿಲಿನ ಮರದ ಚೌಕಟ್ಟಿನ ಬಳಿಗೆ ಕರೆದೊಯ್ದು, ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ಹೇಳಿಕೊಟ್ಟರು. ಮರುದಿನ, ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಬಲ್ಲರೇ ಎಂದು ನೋಡುವ ಆಕ್ಯುಪೇಷನಲ್ ಥೆರಪಿಸ್ಟ್ ವಾರ್ಡಿನ ಪಕ್ಕದ ಪುಟ್ಟ ಅಡುಗೆಕೋಣೆಯಲ್ಲಿ ಟೀ ಮಾಡಲು ಹೇಳಿದರು. ಕೆಟಲ್ ಮತ್ತು ಟೀ ಬ್ಯಾಗ್ ಮುಂದಿದ್ದರೂ ಅತ್ತೆಯವರು ಪಾತ್ರೆ ಎಲ್ಲಿ, ಶುಂಠಿ ಎಲ್ಲಿ ಎಂದು ಹುಡುಕತೊಡಗಿದಾಗ ಥೆರಪಿಸ್ಟ್‌ಗೆ ಅವರಿಗೆ ಮರೆವಿರಬಹುದೆಂಬ ಅನುಮಾನ ಬಂದಂತಿತ್ತು. ನಮ್ಮಲ್ಲಿ ಹಾಲು, ಟೀ ಸೊಪ್ಪು ಎಲ್ಲವನ್ನೂ ಒಟ್ಟಿಗೆ ಕುದಿಸುತ್ತೇವೆ ಎಂದು ನಾನು ವಿವರಿಸಬೇಕಾಯಿತು. ಆದ್ದರಿಂದ ಈ ಪರೀಕ್ಷೆಯ ಹೊತ್ತಿಗೆ ಮನೆಯವರೊಬ್ಬರು ಹಾಜರಿರುವುದು ಮೇಲು. ಮಂಚ, ಕುರ್ಚಿ ಮತ್ತು ಕಮೋಡ್‌ಗಳ ಎತ್ತರ, ಸ್ನಾನಕ್ಕೆ ಟಬ್ ದಾಟಬೇಕೇ, ಮಲಗುವ ಕೋಣೆ ಮಹಡಿಯಲ್ಲಿದೆಯೇ ಎಂಬುದನ್ನೂ ಕೇಳುತ್ತಾರೆ. ಮನೆಯಲ್ಲೇ ಅಳೆದು ಬರೆದುಕೊಂಡು ಹೋಗಿ. ಸಂಕೋಚದಿಂದ ‘ನಾವೆಲ್ಲ ಇದ್ದೇವೆ, ನೋಡಿಕೊಳ್ಳುತ್ತೇವೆ’ ಎಂದುಬಿಟ್ಟರೆ ರೋಗಿಯ ದಾರಿ ಸೊನ್ನೆಯಾಗುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಹಗಲಿನಲ್ಲಿ ಯಾರೂ ಇರುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿ.

ನಮ್ಮವರು ಎಡವುವ ಇನ್ನೊಂದು ಸಂಗತಿಯಿದೆ. 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಪ್ರಕಾರ, ನಿರ್ಧರಿಸುವ ಸಾಮರ್ಥ್ಯವಿಲ್ಲವೆಂದು ತೋರಿಬರುವ ತನಕ ಪ್ರತಿಯೊಬ್ಬ ವಯಸ್ಕರಿಗೂ ಆ ಸಾಮರ್ಥ್ಯವಿದೆಯೆಂದೇ ಭಾವಿಸಬೇಕು. ‘ಅಪ್ಪನಿಗೆ ಏನೂ ಹೇಳಬೇಡಿ, ನನಗೆ ಹೇಳಿ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅಪ್ಪ ಮನೆಗೆ ಹೋಗುತ್ತೇನೆಂದರೆ ಮಗನ ಆಕ್ಷೇಪಣೆಯನ್ನು ಕೇಳಿಸಿಕೊಳ್ಳುತ್ತಾರೆಯೇ ಹೊರತು ತೀರ್ಮಾನ ಅಪ್ಪನದೇ. ಮಾಹಿತಿಯನ್ನು ಯಾರಿಗೆ ತಿಳಿಸಬಹುದೆಂದು ಅವರ ಬಾಯಿಂದಲೇ ಹೇಳಿಸಿ ದಾಖಲೆಯಲ್ಲಿ ಬರೆಸಿಬಿಡಿ. ಅವರಿಗೆ ಇಂಗ್ಲಿಷ್ ಬಾರದಿದ್ದರೆ ದುಭಾಷಿಯನ್ನು ಕೇಳಿ. ಅದಕ್ಕೆ ಹಣ ತೆರಬೇಕಿಲ್ಲ. ಹಿಂದಿಯವರನ್ನು ಕೊಟ್ಟರೆ ಕನ್ನಡವೇ ಬೇಕೆಂದು ಹೇಳುವುದರಲ್ಲಿ ತಪ್ಪಿಲ್ಲ.

ಭಾರತದಿಂದ ವಿಸಿಟರ್ ವೀಸಾದಲ್ಲಿ ಬಂದ ತಂದೆತಾಯಿಯರ ಲೆಕ್ಕ ಬೇರೆ. ತುರ್ತು ವಿಭಾಗದ ಚಿಕಿತ್ಸೆಗೆ ಶುಲ್ಕವಿಲ್ಲದಿದ್ದರೂ ಒಳರೋಗಿಯಾಗಿ ದಾಖಲಾದಲ್ಲಿಂದ ಎನ್‌ಎಚ್‌ಎಸ್ ದರದ ಶೇಕಡಾ 150ರಷ್ಟು ವಿಧಿಸುತ್ತಾರೆ. ತುರ್ತು ಚಿಕಿತ್ಸೆಯನ್ನು ಹಣಕ್ಕಾಗಿ ತಡೆಯುವುದಿಲ್ಲ, ಆದರೆ 500 ಪೌಂಡಿಗೂ ಮೀರಿದ ಬಾಕಿ ಎರಡು ತಿಂಗಳು ದಾಟಿದರೆ ಮುಂದಿನ ವೀಸಾಕ್ಕೆ ತೊಡಕಾಗಬಹುದು. ಕಂತುಗಳಿಗಾಗಿ ಮೊದಲೇ ಮಾತಾಡಿ. ಟ್ರಾವೆಲ್ ಇನ್ಶೂರೆನ್ಸಿನವರಿಗೆ ಅಡ್ಮಿಟ್ ಆದ ದಿನವೇ ಫೋನ್ ಮಾಡಿ.

ಹೊರಡುವ ದಿನ ಹಾಸಿಗೆ ಬಿಟ್ಟು ಡಿಸ್ಚಾರ್ಜ್ ಲೌಂಜಿನಲ್ಲಿ ಕೂರಿಸಬಹುದು. ಟಿಟಿಓ ಎಂದು ಕರೆಯುವ ಔಷಧಿಯ ಚೀಲ ಫಾರ್ಮಸಿಯಿಂದ ಬರಲು ಗಂಟೆಗಟ್ಟಲೆ ಹಿಡಿಯುವುದುಂಟು. ಚೀಲ ಬಿಚ್ಚಿ, ಯಾವ ಮಾತ್ರೆ ಹೊಸದು, ಊರಿನಿಂದ ತಂದ ಯಾವ ಮಾತ್ರೆಯನ್ನು ನಿಲ್ಲಿಸಬೇಕು ಎಂದು ನರ್ಸ್ ಎದುರಿಗೇ ಕೇಳಿ. ಒಂದೇ ರಕ್ತದೊತ್ತಡದ ಮಾತ್ರೆ ಎರಡು ಹೆಸರಿನಲ್ಲಿ ಮನೆ ಸೇರುವುದು ಇಲ್ಲಿಯೇ. ಜಿಪಿಗೆ (ನಿಮ್ಮ ಬಡಾವಣೆಯ ಕುಟುಂಬ ವೈದ್ಯರಿಗೆ) ಹೋಗುವ ಪತ್ರದ ಪ್ರತಿ ಮತ್ತು ವಾರ್ಡಿನ ನೇರ ನಂಬರ್ ಪಡೆದುಕೊಳ್ಳಿ. ಮನೆಯ ನೆರವು ಇನ್ನೂ ನಿಗದಿಯಾಗಿಲ್ಲದೆ ರಾತ್ರಿ ಕಳುಹಿಸಹೊರಟರೆ, ಇದು ಸುರಕ್ಷಿತವಲ್ಲವೆಂದು ನರ್ಸ್ ಇನ್‌ಚಾರ್ಜ್‌ಗೆ ಹೇಳಿ, ಹಾಗೆ ಹೇಳಿದ್ದನ್ನು ಬರೆದುಕೊಳ್ಳುವಂತೆ ಕೇಳಿ. ಆಗಲೂ ಬಗೆಹರಿಯದಿದ್ದರೆ ಆಸ್ಪತ್ರೆಯಲ್ಲಿ ಪ್ಯಾಲ್ಸ್ ಎಂಬ ದೂರು ಮತ್ತು ಸಲಹೆಯ ಕಚೇರಿಯಿದೆ.

ಮನೆಗೆ ಬಂದ ಮೇಲೆ ಅನುಮಾನ ಬಂದರೆ 111ಕ್ಕೆ, ಪ್ರಾಣಾಪಾಯವಾದರೆ 999ಕ್ಕೆ ಫೋನ್ ಮಾಡಿ. ವಾಕರ್, ಕಮೋಡ್‌ಗಳನ್ನು ಎರವಲು ಕೊಟ್ಟಿರುತ್ತಾರೆ. ಅವುಗಳ ಮೇಲಿನ ಸ್ಟಿಕ್ಕರಿನ ನಂಬರಿಗೆ ಫೋನ್ ಮಾಡಿದರೆ ಬಂದು ಒಯ್ಯುತ್ತಾರೆ. ನಮ್ಮತ್ತೆಯವರ ವಾಕರ್ ಮಾತ್ರ ಇನ್ನೂ ಬಾಲ್ಕನಿಯಲ್ಲಿದೆ, ಅದರ ಮೇಲೆ ಸೀರೆ ಒಣಗುತ್ತಿರುತ್ತದೆ.