ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ತಗೊಳ್ಳೋ ಮುಂಚೆ ಗೇರ್‌ಬಾಕ್ಸ್ ಯಾವುದು ನೋಡಿ

ಕಡಿಮೆ ದುಡ್ಡಿಗೆ ಜೋರಾಗಿ ಓಡೋ ಕಾರು ಹುಡುಕೋರು ಬಹಳ ಸಲ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐಗೇ ಬಂದು ನಿಲ್ತಾರೆ. ಹೆಸರು ಒಂದೇ, ಒಳಗೆ ಎರಡು ಬೇರೆ ಗಾಡಿ. ಬಿಎಸ್4 (ಹಳೇ ಹೊಗೆ ನಿಯಮ) ಕಾಲದ್ದು 1.2 ಲೀಟರ್ ಇಂಜಿನ್, 7 ಸ್ಪೀಡ್ ಡಿಎಸ್‌ಜಿ, ಅಂದ್ರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. 2020ರ ಬಿಎಸ್6 ಗಾಡಿ 1.0 ಲೀಟರ್, 110 ಪಿಎಸ್, 6 ಸ್ಪೀಡ್ ಟಾರ್ಕ್ ಕನ್ವರ್ಟರ್, ಅಂದ್ರೆ ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸೋ ಆಟೋಮ್ಯಾಟಿಕ್.

ಆ ಡಿಎಸ್‌ಜಿಯಲ್ಲಿರೋದು ಎರಡು ಡ್ರೈ ಕ್ಲಚ್, ತಂಪು ಮಾಡೋಕೆ ಆಯಿಲ್ ಇಲ್ಲ. ತುಮಕೂರಿಂದ ದಿನಾ ಬೆಂಗಳೂರಿಗೆ ಹೋಗಿ ಗೊರಗುಂಟೆಪಾಳ್ಯದ ಟ್ರಾಫಿಕ್ಕಲ್ಲಿ ತೆವಳೋರಿಗೆ ಕ್ಲಚ್ ಕಾದು ಬೇಗ ಸವೆಯುತ್ತೆ. ಗೇರ್, ಕ್ಲಚ್ ನಡೆಸೋ ಕಂಟ್ರೋಲ್ ಯೂನಿಟ್ (ಮೆಕಾಟ್ರಾನಿಕ್) ಕೈಕೊಟ್ರೆ ಖರ್ಚು ಇನ್ನೂ ದೊಡ್ಡದು. ಅಂಥೋರು 1.0 ನೋಡೋದೇ ಸರಿ.

ಡಿಎಸ್‌ಜಿಯೇ ಬೇಕು ಅಂದ್ರೆ, ಇಂಜಿನ್ ತಣ್ಣಗಿರುವಾಗಲೇ ಹೋಗಿ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ರೆ ಮೊದಲೇ ಓಡಿಸಿ ಇಟ್ಟಿದ್ದಾರೆ, ಇನ್ನೊಂದು ದಿನ ಬನ್ನಿ. ಅರ್ಧ ಗಂಟೆ ಓಡಿಸಿ, ದೇವರಾಯನದುರ್ಗದ ಏರಲ್ಲಿ ನಿಲ್ಲಿಸಿ ನಿಧಾನಕ್ಕೆ ಹೊರಡಿ. 1ರಿಂದ 2ಕ್ಕೆ ಬೀಳುವಾಗ ಗಾಡಿ ನಡುಗಿದ್ರೆ ಕ್ಲಚ್ ಮೇಲೆ ಅನುಮಾನ ಪಡಿ. ಮೀಟರಲ್ಲಿ ಗೇರ್ ಸೂಚಕ ಮಿನುಗಿದ್ರೆ ಮಾತೇ ಬೇಡ.

ರೀಮ್ಯಾಪ್ (ಇಂಜಿನ್ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸೋದು) ಮಾಡಿಸಿದ ಗಾಡಿ ಮೊದಲ ಕಾರಿಗೆ ಖಂಡಿತ ಬೇಡ, ಜಾಸ್ತಿ ಟಾರ್ಕ್ ಹೊರಬೇಕಾದ್ದು ಅದೇ ಕ್ಲಚ್. ಪೂರ್ತಿ ಸರ್ವಿಸ್ ರೆಕಾರ್ಡ್ ಇರೋ ಸ್ಟಾಕ್ (ಕಂಪನಿಯಿಂದ ಬಂದ ಹಾಗೇ ಇರೋ) ಗಾಡಿಗೆ ಸ್ವಲ್ಪ ಜಾಸ್ತಿ ಕೊಟ್ರೂ ನಷ್ಟವಿಲ್ಲ.

ಟೈರ್ ಮೇಲಿನ ನಾಲ್ಕಂಕಿ ಓದಿ: 2319 ಅಂದ್ರೆ 2019ರ 23ನೇ ವಾರ. ಹಳೇದಾಗಿದ್ರೆ ನಾಲ್ಕು ಟೈರಿನ ದುಡ್ಡು ರೇಟಲ್ಲೇ ಕಳೀರಿ.

ಬೇರೆ ರಾಜ್ಯದ ಗಾಡಿಗೆ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿ. ಸಾಲದ ಗಾಡಿಯಾದ್ರೆ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಫಾರ್ಮ್ 35 ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡಿ.