‘ಆ ದಿನ ಪಾಯಸ ಮಾಡಿದ್ರಾ?’

ಜೂನ್ ಮೊದಲ ವಾರ ರಾಜಾಜಿನಗರದ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಫೋನ್ ಮಾಡಿದರು. ‘ಪುಷ್ಯದಲ್ಲಿ ನಮ್ಮ ಯಜಮಾನರ ತಿಥಿಗೆ ಅಂತ ಹತ್ತು ಸಾವಿರ ಕಳಿಸಿದ್ದೆ ಕಣಮ್ಮಾ. ತೆರಿಗೆ ವಿನಾಯಿತಿಗೆ ಬೇಕಾದ 10ಬಿಇ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ.’

ನಾನು ಲಗ್ಗೆರೆ ಕಡೆಯ ಒಂದು ಸಣ್ಣ ಟ್ರಸ್ಟಿನಲ್ಲಿ ಲೆಕ್ಕ ನೋಡಿಕೊಳ್ಳುವವಳು. ಗಾರ್ಮೆಂಟ್ಸಿಗೆ, ಗಾರೆ ಕೆಲಸಕ್ಕೆ ಹೋಗುವವರ ಮಕ್ಕಳು ಸಂಜೆ ನಮ್ಮಲ್ಲಿಗೆ ಬಂದು ಓದಿಕೊಂಡು, ಊಟ ಮಾಡಿ ಮನೆಗೆ ಹೋಗುತ್ತಾರೆ. ದಾನಿಗಳ ಹೆಸರು, ಪ್ಯಾನ್, ಮೊತ್ತ ಸೇರಿಸಿ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ 10ಬಿಡಿ ಎಂಬ ವಿವರಪಟ್ಟಿ ಸಲ್ಲಿಸುವುದು ನನ್ನ ಜವಾಬ್ದಾರಿಯಾಗಿತ್ತು. ಅದರಲ್ಲಿ ಹೆಸರಿಲ್ಲದಿದ್ದರೆ ದಾನಿಗೆ 10ಬಿಇ ಪ್ರಮಾಣಪತ್ರ ಸಿಗುತ್ತಿರಲಿಲ್ಲ, ದಾನಕ್ಕೆ ಕೊಡುವ 80ಜಿ ತೆರಿಗೆ ವಿನಾಯಿತಿಯೂ ಸಿಗುತ್ತಿರಲಿಲ್ಲ. ಅವರ ಹೆಸರು ನಮ್ಮ ರಸೀದಿ ಪುಸ್ತಕದಲ್ಲಿರಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲೂ ಇರಲಿಲ್ಲ. ಅವರು ಕಳಿಸಿದ ಸ್ಕ್ರೀನ್‌ಶಾಟ್ ತೆರೆದೆ. ದುಡ್ಡು ಹೋಗಿದ್ದು ನಮ್ಮ ಕಾರ್ಯದರ್ಶಿಯ ಸ್ವಂತ ಯುಪಿಐಗೆ.

ಸಂಸ್ಥೆ ಕಟ್ಟಿದವರೇ ಅವರು. ಮಕ್ಕಳು ಅವರನ್ನು ‘ಅಣ್ಣ’ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಇದರಲ್ಲಿ ನನ್ನ ತಪ್ಪೂ ಇದೆ. ಅವರು ದಾನಿಗಳಿಗೆ ತಮ್ಮ ಯುಪಿಐ ನಂಬರ್ ಕೊಡುವುದನ್ನು ಕಣ್ಣಾರೆ ಕಂಡಿದ್ದೆ. ‘ಟ್ರಸ್ಟಿನ ಖಾತೆಗೆ ಕ್ಯೂಆರ್ ಬರೋದು ತಡ ಆಗ್ತಿದೆ, ನಾನೇ ಆಮೇಲೆ ಹಾಕ್ತೀನಿ’ ಎಂದಿದ್ದರು. ಕೆಲವನ್ನು ಹಾಕಿಯೂ ಇದ್ದರು. ಅಷ್ಟಕ್ಕೇ ಸುಮ್ಮನಾದೆ.

ಆ ರಾತ್ರಿಯೇ ಅಧ್ಯಕ್ಷರಿಗೆ ಹೇಳಿದೆ. ಮೂರನೇ ದಿನ ಟ್ರಸ್ಟಿಗಳು ಸೇರಿದರು. ಅಣ್ಣ ಅಲ್ಲಗಳೆಯಲಿಲ್ಲ. ಮನೆ ಕಟ್ಟುವ ಅವಸರಕ್ಕೆ ಬಳಸಿಕೊಂಡೆ, ವಾಪಸ್ ಕೊಡುತ್ತೇನೆ ಎಂದರು. ಹಿರಿಯ ಟ್ರಸ್ಟಿಯೊಬ್ಬರು, ‘ವಾಪಸ್ ಬಂದ್ರೆ ಮುಗೀತಲ್ಲ, ಊರಿಗೆಲ್ಲ ಯಾಕೆ ಹೇಳ್ಬೇಕು? ಮಕ್ಕಳ ಊಟ ನಿಂತುಹೋಗುತ್ತೆ’ ಎಂದರು. ಅವರ ಭಯ ಸುಳ್ಳಲ್ಲ, ಆ ತಿಂಗಳ ರೇಷನ್ ಬಿಲ್ಲು ನನ್ನ ಮುಂದೆಯೇ ಇತ್ತು. ಆದರೆ ಮಕ್ಕಳ ಹೆಸರಿನಲ್ಲಿ ಬಂದದ್ದನ್ನು ಮುಟ್ಟಿದವರನ್ನು ಮಕ್ಕಳ ಹೆಸರಿನಲ್ಲೇ ಬಚ್ಚಿಡುವುದು ನನ್ನಿಂದಾಗದು ಎಂದೆ. ಟ್ರಸ್ಟಿನ ದುಡ್ಡು ಟ್ರಸ್ಟಿಯ ಸ್ವಂತ ಲಾಭಕ್ಕೆ ಹೋದರೆ 1961ರ ಆದಾಯ ತೆರಿಗೆ ಕಾಯ್ದೆಯ 13ನೇ ಕಲಮಿನಲ್ಲಿ ತೆರಿಗೆ ವಿನಾಯಿತಿಗೇ ಕುತ್ತು ಬರುತ್ತದೆ ಎಂದು ಆಡಿಟರೂ ಹೇಳಿದರು. ಆ ಸಭೆಯಲ್ಲೇ ಅವರನ್ನು ಹುದ್ದೆಯಿಂದ ಇಳಿಸಿ, ಬ್ಯಾಂಕಿನಲ್ಲಿ ಅವರ ಸಹಿ ರದ್ದು ಮಾಡುವ ಠರಾವು ಬರೆದೆವು. ದುಡ್ಡು ಹಿಂದಿರುಗಿಸಿದರೂ ನಂಬಿಕೆ ದ್ರೋಹ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಡಿ ಪೊಲೀಸರಿಗೆ ದೂರು ಕೊಟ್ಟೆವು.

ದಾನಿಗಳಿಗೆ ಬರೆದ ಪತ್ರದ ಮೊದಲ ಕರಡಿನಲ್ಲಿ ‘ಆಡಳಿತಾತ್ಮಕ ಕಾರಣಗಳಿಂದ ಕಾರ್ಯದರ್ಶಿಗಳು ಹೊಣೆಯಿಂದ ಬಿಡುಗಡೆ ಹೊಂದಿದ್ದಾರೆ’ ಎಂದಿತ್ತು. ಅದನ್ನು ಹರಿದು ಹಾಕಿ, ಏನಾಯಿತೋ ಅದನ್ನೇ ಬರೆದೆವು. ಆಮೇಲೆ ಎದುರಾಯಿತು ನಿಜವಾದ ಕಷ್ಟ. ಯಾರ ದುಡ್ಡು ಹೋಗಿತ್ತೋ ಅವರೇ ನಮ್ಮ ಪುಸ್ತಕದಲ್ಲಿರಲಿಲ್ಲ. ಯಾರಿಗೆಂದು ಪತ್ರ ಕಳಿಸುವುದು?

ದಾರಿ ತೋರಿಸಿದ್ದು ಅಡುಗೆ ಅಕ್ಕ. ನಮ್ಮ ದಾನಿಗಳಲ್ಲಿ ಬಹಳ ಜನ ಹುಟ್ಟುಹಬ್ಬಕ್ಕೆ, ತಿಥಿಗೆ ಒಂದು ಹೊತ್ತಿನ ಊಟ ಹಾಕಿಸುವವರು. ಅವರ ಹೆಸರನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದು, ಊಟಕ್ಕೆ ಮುಂಚೆ ಮಕ್ಕಳು ಪ್ರಾರ್ಥನೆ ಮಾಡುತ್ತಾರೆ. ಅಕ್ಕ ಹಳೆಯ ಕ್ಯಾಲೆಂಡರುಗಳನ್ನು ಬಿಸಾಡಿರಲಿಲ್ಲ. ಎರಡು ವರ್ಷದ ಹಾಳೆಗಳನ್ನು ನೆಲದ ಮೇಲೆ ಹರವಿಕೊಂಡು, ದಿನಕ್ಕೆ ದಿನ ಬ್ಯಾಂಕ್ ಲೆಕ್ಕದ ಜೊತೆ ತಾಳೆ ಹಾಕಿದೆ. ಹೆಸರಿದ್ದೂ ದುಡ್ಡಿಲ್ಲದ 27 ದಿನ ಸಿಕ್ಕವು. ಉಳಿದ ಎಲ್ಲ ದಾನಿಗಳಿಗೂ, ‘ನಿಮ್ಮಲ್ಲಿ ನಮ್ಮ ಟ್ರಸ್ಟಿನ ಕ್ರಮಸಂಖ್ಯೆ ಇರುವ ರಸೀದಿ ಇದೆಯೇ ನೋಡಿ, ಇಲ್ಲದಿದ್ದರೆ ತಿಳಿಸಿ’ ಎಂದು ಕೇಳಿಕೊಂಡೆವು.

ಆ 27 ಮನೆಗಳಿಗೂ ಪತ್ರಕ್ಕೆ ಮೊದಲು ನಾನೇ ಫೋನ್ ಮಾಡಿದೆ. ಕೆಲವರು ಬೈದರು. ಒಬ್ಬರು ನಡುವೆಯೇ ಫೋನಿಟ್ಟರು. ಮುಖ್ಯೋಪಾಧ್ಯಾಯಿನಿ ಮಾತ್ರ ದುಡ್ಡಿನ ಮಾತೇ ಎತ್ತಲಿಲ್ಲ. ‘ಆ ದಿನ ಪಾಯಸ ಮಾಡಿದ್ರಾ?’ ಎಂದು ಕೇಳಿದರು.

ಅಡುಗೆ ರಿಜಿಸ್ಟರ್ ತೆಗೆದೆ. ಅನ್ನ, ಹುರುಳಿಕಾಳು ಸಾರು, ಮಜ್ಜಿಗೆ. ಸಾಮಾನಿಗೆ ದುಡ್ಡು ಬಂದಿಲ್ಲ ಎಂದು ಅಕ್ಕನಿಗೆ ಹೇಳಲಾಗಿತ್ತಂತೆ. ಮಾಡಿದ್ದರು ಎಂದು ಒಂದು ಮಾತು ಹೇಳಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ. ‘ಇಲ್ಲ ಮೇಡಂ. ಮಕ್ಕಳು ನಿಮ್ಮ ಯಜಮಾನರ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ದಾರೆ. ಪಾಯಸ ಮಾಡಿಲ್ಲ’ ಎಂದೆ. ಬಹಳ ಹೊತ್ತು ಅವರು ಮಾತಾಡಲಿಲ್ಲ. ನಾನೂ ಫೋನ್ ಹಿಡಿದುಕೊಂಡೇ ಇದ್ದೆ.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಅನುದಾನ ಕೊಡುತ್ತಿದ್ದ ಕಂಪನಿ ಮುಂದಿನ ಕಂತು ತಡೆಹಿಡಿಯಿತು. ಸಿಎಸ್‌ಆರ್ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ನಂತರ, ಕೊಟ್ಟ ಹಣ ಹೇಳಿದ ಕೆಲಸಕ್ಕೇ ಬಳಕೆಯಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ದೃಢೀಕರಿಸಬೇಕಾಗುತ್ತದೆ, ಅವರನ್ನು ದೂರುವಂತಿರಲಿಲ್ಲ. ಹೊರಗಿನ ಬೇರೆ ಆಡಿಟರಿಂದ ಲೆಕ್ಕ ಮಾಡಿಸಿ ಕಳಿಸಿದೆವು, ಐದು ತಿಂಗಳ ಮೇಲೆ ಕಂತು ಬಂತು. ಆ ಐದು ತಿಂಗಳು ದಿನಸಿ ಅಂಗಡಿಯವರು ಸಾಲ ಕೊಟ್ಟು ಕಾಪಾಡಿದರು.

ಆ ಸಮಯದಲ್ಲಿ ಸ್ವಯಂಸೇವಕ ಹುಡುಗನೊಬ್ಬ, ‘ನಮ್ಮನ್ನು ಕೈಬಿಡಬೇಡಿ’ ಎಂದು ಮಕ್ಕಳಿಂದ ಹೇಳಿಸಿ ವಿಡಿಯೊ ಮಾಡೋಣ ಅಕ್ಕ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ನಾನು ಒಪ್ಪಲಿಲ್ಲ. ದೊಡ್ಡವರು ಮಾಡಿದ್ದಕ್ಕೆ ಮಕ್ಕಳು ಕೈ ಮುಗಿಯಬಾರದು. ಅವರಿಗೆ ಹೇಳಬೇಕಾದ್ದು ಬೇರೆಯೇ ಇತ್ತು. ಏಳನೇ ಕ್ಲಾಸಿನ ಹುಡುಗಿ, ‘ಅಣ್ಣ ಯಾಕೆ ಬರ್ತಿಲ್ಲ ಮಿಸ್?’ ಎಂದಾಗ ಎಲ್ಲರನ್ನೂ ಕೂರಿಸಿಕೊಂಡು, ನಿಮ್ಮ ಊಟದ ದುಡ್ಡನ್ನು ಅವರು ತೆಗೆದುಕೊಂಡರು, ಅದು ತಪ್ಪು, ನೀವೇನೂ ತಪ್ಪು ಮಾಡಿಲ್ಲ ಎಂದೆ. ಅವಳು ಅತ್ತಳು. ಅಣ್ಣನೇ ಅವಳಿಗೆ ಮಗ್ಗಿ ಕಲಿಸಿದ್ದು.

ಈಗ ಗೇಟಿನ ಪಕ್ಕದ ಗೋಡೆಯಲ್ಲಿ ಟ್ರಸ್ಟಿನ ಕ್ಯೂಆರ್ ಇದೆ. ಸ್ಕ್ಯಾನ್ ಮಾಡಿದಾಗ ಟ್ರಸ್ಟಿನ ಹೆಸರು ಬಾರದಿದ್ದರೆ ಹಣ ಕಳಿಸಬೇಡಿ ಎಂದು ಕೆಳಗೆ ಬರೆಸಿದ್ದೇವೆ. ದುಡ್ಡು ಬಂದ ದಿನವೇ ರಸೀದಿ ಹೋಗುತ್ತದೆ. ತಿಂಗಳ ಜಮಾ ಖರ್ಚನ್ನು ಕನ್ನಡದಲ್ಲಿ ಬರೆದು ಬೋರ್ಡಿಗೆ ಅಂಟಿಸುತ್ತೇನೆ, ಮಕ್ಕಳ ತಾಯಂದಿರೂ ನಿಂತು ಓದುತ್ತಾರೆ. ಕ್ಯಾಲೆಂಡರನ್ನು ಬ್ಯಾಂಕ್ ಲೆಕ್ಕದ ಜೊತೆ ಪ್ರತಿ ಶನಿವಾರ ತಾಳೆ ಹಾಕುತ್ತೇವೆ, ಅಡುಗೆ ಅಕ್ಕನೂ ಸಹಿ ಹಾಕುತ್ತಾರೆ.

ಆ 27ರಲ್ಲಿ ಒಂಬತ್ತು ಮನೆಯವರು ಮತ್ತೆ ಕೊಡಲಿಲ್ಲ.

ಈ ಸಲ ಪುಷ್ಯದಲ್ಲಿ ಮುಖ್ಯೋಪಾಧ್ಯಾಯಿನಿ ಆಟೋದಲ್ಲಿ ಬಂದಿಳಿದರು. ಹೆಸರುಬೇಳೆ, ಬೆಲ್ಲ, ತೆಂಗಿನಕಾಯಿ, ಏಲಕ್ಕಿ ತಂದಿದ್ದರು. ‘ದುಡ್ಡು ಕೊಡೋಕೆ ಇನ್ನೂ ಮನಸ್ಸಾಗ್ತಿಲ್ಲ ಕಣಮ್ಮಾ’ ಎಂದರು. ಸಾಮಾನು ಕೊಟ್ಟರೆ 80ಜಿ ಸಿಗುವುದಿಲ್ಲ ಎಂದು ತಿಳಿಸಿ, ಬೇಳೆ, ಬೆಲ್ಲ ತೂಕ ಮಾಡಿಸಿ ರಸೀದಿ ಬರೆದುಕೊಟ್ಟೆ. ಅದನ್ನು ಎರಡು ಸಲ ಓದಿ, ಮಡಚಿ ಪರ್ಸಿಗೆ ಹಾಕಿಕೊಂಡು, ಪಾಯಸ ಕುದಿಯುವವರೆಗೂ ಅಡುಗೆಮನೆಯ ಬಾಗಿಲಲ್ಲೇ ಕೂತಿದ್ದರು.