ಹಳೇ ಫೋನಿನ ಬೀಗ ತೆಗೆಯಬೇಕಾ? ತೆಗೆಯುವುದಾದರೆ ಹೀಗೆ

ಫೋನ್ ಗಟ್ಟಿಮುಟ್ಟಾಗಿದೆ, ಪರದೆ ಚೆನ್ನಾಗಿದೆ, ಆದರೆ ಕಂಪನಿ ಅಪ್‌ಡೇಟ್ ನಿಲ್ಲಿಸಿದೆ. ಇಂಥದ್ದೊಂದು ಫೋನ್ ಈಗ ಬಹಳಷ್ಟು ಮನೆಗಳ ಡ್ರಾಯರ್‌ನಲ್ಲಿದೆ. ಅದನ್ನು ನೋಡಿದ ಯಾರೋ ಒಬ್ಬರು 'ಬೂಟ್‌ಲೋಡರ್ ಅನ್‌ಲಾಕ್ ಮಾಡಿ ಕಸ್ಟಮ್ ರಾಮ್ ಹಾಕು, ಹೊಸದರ ಥರ ಆಗುತ್ತೆ' ಅನ್ನುತ್ತಾರೆ. ಕಸ್ಟಮ್ ರಾಮ್ ಅಂದರೆ ಕಂಪನಿಯದಲ್ಲದ, ಬೇರೆಯವರು ಕಟ್ಟಿದ ಆಂಡ್ರಾಯ್ಡ್. ಹುಡುಗರು ಒಂದು ಯೂಟ್ಯೂಬ್ ವಿಡಿಯೋ ನೋಡಿ ರಾತ್ರಿ ಹನ್ನೊಂದಕ್ಕೆ ಶುರು ಮಾಡುತ್ತಾರೆ. ಬೆಳಗ್ಗೆ ನನಗೆ ಕರೆ ಬರುತ್ತದೆ, ಅದೂ ಅವರ ಅಮ್ಮನ ಫೋನಿನಿಂದ.

ಕೆಟ್ಟು ಬಂದ ಫೋನ್‌ಗಳನ್ನು ನೋಡಿ ನೋಡಿ ನಾನು ಬಂದಿರುವ ತೀರ್ಮಾನ ಇಷ್ಟೇ. ನಿಮ್ಮ ಹತ್ತಿರ ಇರುವುದು ಒಂದೇ ಫೋನ್, ಬ್ಯಾಂಕು, ಯುಪಿಐ ಎಲ್ಲ ಅದರಲ್ಲೇ ಇದೆ ಅಂದರೆ ಬೀಗಕ್ಕೆ ಕೈ ಹಾಕಬೇಡಿ. ವಾರಂಟಿ ಮುಗಿದ, ಅಪ್‌ಡೇಟ್ ನಿಂತ ಎರಡನೇ ಫೋನ್ ಆದರೆ ಧಾರಾಳವಾಗಿ ಮಾಡಿ. ಐಫೋನ್ ಇರುವವರು ಇಲ್ಲಿಗೇ ಓದು ನಿಲ್ಲಿಸಬಹುದು. 2019ರಲ್ಲಿ ಸಿಕ್ಕ, ಬೀಗ ಮುರಿಯಲು ನೆರವಾಗುವ ಚೆಕ್‌ಎಂ8 ಎಂಬ ದೋಷ ಐಫೋನ್ ಟೆನ್ ಮತ್ತು ಅದಕ್ಕಿಂತ ಹಳೆಯವಕ್ಕೆ ಮಾತ್ರ. ಹೊಸ ಐಫೋನ್‌ಗಳಲ್ಲಿ ಜೈಲ್‌ಬ್ರೇಕ್ (ಆಪಲ್ ಹಾಕಿದ ಬೀಗ ಮುರಿಯುವುದು) ಹೆಚ್ಚುಕಡಿಮೆ ಸತ್ತ ಹವ್ಯಾಸ.

ಬೀಗ ಯಾವುದು, ತೆಗೆದರೆ ಹೋಗುವುದೇನು

ಪವರ್ ಬಟನ್ ಒತ್ತಿದಾಗ ಆಂಡ್ರಾಯ್ಡ್‌ಗಿಂತ ಮೊದಲು ಏಳುವ ಚಿಕ್ಕ ಪ್ರೋಗ್ರಾಂ ಬೂಟ್‌ಲೋಡರ್. ಮುಂದೆ ಓಡಬೇಕಾದ ಸಾಫ್ಟ್‌ವೇರ್ ಮೇಲೆ ಕಂಪನಿಯ ಡಿಜಿಟಲ್ ಸಹಿ ಇದೆಯಾ ಅಂತ ಅದು ನೋಡುತ್ತದೆ. ಸಹಿ ಸರಿಯಿಲ್ಲದಿದ್ದರೆ ಫೋನ್ ಅಲ್ಲಿಗೇ ನಿಲ್ಲುತ್ತದೆ. ಅನ್‌ಲಾಕ್ ಅಂದರೆ ಈ ತಪಾಸಣೆಯನ್ನು ಸಡಿಲ ಮಾಡುವುದು. ರೂಟ್ ಮಾಡುವುದು ಬೇರೆಯದೇ ಕೆಲಸ. ಆಪ್‌ಗಳಿಗೆ ಇಡೀ ಸಿಸ್ಟಂ ಮೇಲೆ ಹಿಡಿತ ಕೊಡುವುದು ರೂಟ್. ಎರಡೂ ಒಂದೇ ಅಂದುಕೊಂಡು ಜನ ಸುಮ್ನೆ ಮ್ಯಾಜಿಸ್ಕ್ ಎಂಬ ರೂಟ್ ಟೂಲ್ ಹಾಕಿಕೊಂಡು ಒದ್ದಾಡುತ್ತಾರೆ. ಹೊಸ ಆಂಡ್ರಾಯ್ಡ್ ಬೇಕು ಅನ್ನುವವರಿಗೆ ರೂಟ್ ಬೇಕಾಗಿಲ್ಲ.

ನಷ್ಟದ ಲೆಕ್ಕ ಮೊದಲೇ ಗೊತ್ತಿರಲಿ. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ವ್ಯವಸ್ಥೆ ಬೀಗ ತೆರೆದಿರುವುದನ್ನು ಆಪ್‌ಗಳಿಗೆ ತಿಳಿಸುತ್ತದೆ. ಬ್ಯಾಂಕ್ ಆಪ್‌ಗಳು, ಯುಪಿಐ ಆಪ್‌ಗಳು ಅದನ್ನು ನೋಡಿ ಕೆಲಸ ನಿಲ್ಲಿಸಬಹುದು. ಇವತ್ತು ನಡೆದದ್ದು ಮುಂದಿನ ಅಪ್‌ಡೇಟ್ ಆದಮೇಲೆ ನಿಲ್ಲಬಹುದು. ತಪ್ಪಿಸಿಕೊಳ್ಳಲು ಮಾಡ್ಯೂಲ್ ಎಂಬ ಚಿಕ್ಕ ಸೇರ್ಪಡೆಗಳಿವೆ, ನಿಜ. ಆದರೆ 2025ರಲ್ಲಿ ಗೂಗಲ್ ಈ ತಪಾಸಣೆಯನ್ನು ಇನ್ನಷ್ಟು ಬಿಗಿ ಮಾಡಿತು. ತರಕಾರಿ ಗಾಡಿ ಮುಂದೆ ನಿಂತು ಮಾಡ್ಯೂಲ್ ಅಪ್‌ಡೇಟ್ ಹುಡುಕುವ ಬಾಳು ನನಗಂತೂ ಬೇಡ. ಇನ್ನು ವೈಡ್‌ವೈನ್ ಎಂಬ ವಿಡಿಯೋ ರಕ್ಷಣೆ ಅನೇಕ ಫೋನ್‌ಗಳಲ್ಲಿ ಎಲ್1ನಿಂದ ಎಲ್3ಗೆ ಇಳಿಯುತ್ತದೆ. ಆಮೇಲೆ ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಬರುವುದಿಲ್ಲ.

ಸ್ಯಾಮ್‌ಸಂಗ್‌ನವರು ಇನ್ನೊಂದು ತಿಳಿದಿರಬೇಕು. ಅದರೊಳಗಿನ ನಾಕ್ಸ್ ಎಂಬ ಭದ್ರತಾ ಫ್ಯೂಸ್, ಹೊರಗಿನ ಸಾಫ್ಟ್‌ವೇರ್ ಹಾಕಿ ಒಮ್ಮೆ ಸುಟ್ಟರೆ ಮುಗಿಯಿತು. ಮೂಲ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಗುಟ್ಟಿನ ಫೈಲ್ ಇಡುವ ಸೆಕ್ಯೂರ್ ಫೋಲ್ಡರ್ ಮತ್ತೆ ತೆರೆಯುವುದಿಲ್ಲ.

ಹಂತ 1: ಬೀಗ ತೆಗೆಯದೇ ಆಗುತ್ತದಾ ನೋಡಿ

ಸಲಹೆ ಕೇಳಿ ಬರುವವರಲ್ಲಿ ಅರ್ಧ ಜನರ ದೂರು 'ಫೋನ್ ತುಂಬ ಜಾಹೀರಾತು, ಬೇಡದ ಆಪ್‌ಗಳು' ಅಂತ. ಇದಕ್ಕೆ ಅನ್‌ಲಾಕ್ ಯಾಕೆ? ಡೆವಲಪರ್ ಆಪ್ಷನ್ಸ್‌ನಲ್ಲಿ (ಅದನ್ನು ತೆರೆಯುವ ಬಗೆ ಹಂತ 4ರಲ್ಲಿದೆ) ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕಂಪ್ಯೂಟರಿಗೆ ಜೋಡಿಸಿ, ಗೂಗಲ್ ಉಚಿತವಾಗಿ ಕೊಡುವ ಪ್ಲಾಟ್‌ಫಾರ್ಮ್ ಟೂಲ್ಸ್‌ನಲ್ಲಿರುವ ಎಡಿಬಿಯಿಂದ ಆ ಆಪ್‌ಗಳನ್ನು ತೆಗೆಯಬಹುದು. ಅವು ನಿಮ್ಮ ಖಾತೆಯಿಂದ ಮಾತ್ರ ಹೋಗುತ್ತವೆ, ಫ್ಯಾಕ್ಟರಿ ರೀಸೆಟ್ ಮಾಡಿದರೆ ವಾಪಸ್ ಬರುತ್ತವೆ. ಹೆಸರು ಗೊತ್ತಿಲ್ಲದ ಆಪ್ ಮುಟ್ಟಬೇಡಿ, ಅಷ್ಟೇ.

ಬ್ಯಾಟರಿ ಅರ್ಧ ದಿನವೂ ಬರುವುದಿಲ್ಲ ಅನ್ನುವವರು ಬ್ಯಾಟರಿ ಬದಲಿಸಿ. ಉಬ್ಬಿದ ಬ್ಯಾಟರಿಗೆ ಯಾವ ರಾಮ್ ಹಾಕಿದರೂ ಇಳಿಯುವುದಿಲ್ಲ.

ಹಂತ 2: ನಿಮ್ಮ ಫೋನಿಗೆ ದಾರಿ ಇದೆಯಾ

ಎಲ್ಲ ಕಂಪನಿಗಳೂ ಬೀಗದ ಕೈ ಕೊಡುವುದಿಲ್ಲ. ಗೂಗಲ್‌ನ ಪಿಕ್ಸೆಲ್‌ನಲ್ಲಿ ಎಲ್ಲಕ್ಕಿಂತ ಸುಲಭ. ಮೊಟೊರೊಲಾ ತನ್ನ ವೆಬ್‌ಸೈಟಿನಲ್ಲಿ ಕೋಡ್ ಕೊಡುತ್ತದೆ, ಎಲ್ಲ ಮಾಡೆಲ್‌ಗೂ ಅಲ್ಲ. ಹುವಾವೇ 2018ರಲ್ಲೇ ಕೋಡ್ ಕೊಡುವುದನ್ನು ನಿಲ್ಲಿಸಿತು. ಶಿಯೋಮಿ ಮೊದಲು ಉದಾರವಾಗಿತ್ತು, ಹೈಪರ್‌ಓಎಸ್ ಎಂಬ ಅದರ ಹೊಸ ಸಾಫ್ಟ್‌ವೇರ್ ಬಂದ ಮೇಲೆ ನಿಯಮ ಬಿಗಿ ಮಾಡಿದೆ.

ಈ ಲೇಖನಕ್ಕೆ ಉದಾಹರಣೆಯಾಗಿ ಶಿಯೋಮಿಯ ಪೋಕೋ ಎಫ್1 ಇಟ್ಟುಕೊಳ್ಳೋಣ. 2018ರ ಆಗಸ್ಟ್‌ನಲ್ಲಿ 20,999 ರೂಪಾಯಿಗೆ ಸ್ನ್ಯಾಪ್‌ಡ್ರ್ಯಾಗನ್ 845 ಚಿಪ್ ಕೊಟ್ಟು ಗದ್ದಲ ಎಬ್ಬಿಸಿದ ಫೋನ್. ಆಂಡ್ರಾಯ್ಡ್ 8.1ರಲ್ಲಿ ಬಂತು, ಕಂಪನಿ 10ಕ್ಕೆ ಕೈ ತೊಳೆದುಕೊಂಡಿತು. ಲಿನಿಯೇಜ್ ಓಎಸ್ ಎಂಬ ಕಸ್ಟಮ್ ರಾಮ್ ಅದನ್ನು ಇನ್ನೂ ಹೊಸ ಆವೃತ್ತಿಗಳಿಗೆ ತಂದಿತು. ಸಯನೋಜೆನ್‌ಮಾಡ್ ಎಂಬ ಹಳೆಯ ಕಸ್ಟಮ್ ರಾಮ್ 2016ರ ಡಿಸೆಂಬರಿನಲ್ಲಿ ಮುಚ್ಚಿದಾಗ ಅದರ ಕೆಲಸವನ್ನು ಮುಂದುವರಿಸಲು ಹುಟ್ಟಿದ್ದು ಈ ಲಿನಿಯೇಜ್. ನನ್ನನ್ನು ಕೇಳಿದರೆ, ಅದರ ಅಧಿಕೃತ ಪಟ್ಟಿಯಲ್ಲಿ ನಿಮ್ಮ ಫೋನ್ ಇಲ್ಲದಿದ್ದರೆ ಆಸೆ ಬಿಡಿ. ಟೆಲಿಗ್ರಾಂ ಗುಂಪುಗಳಲ್ಲಿ 'ಗೇಮಿಂಗ್ ಎಡಿಷನ್' ಅಂತ ಹರಿದಾಡುವ ರಾಮ್‌ಗಳನ್ನು ಯಾರು ಕಟ್ಟಿದರು, ಒಳಗೆ ಏನು ಸೇರಿಸಿದರು ಅಂತ ತಿಳಿಯುವ ದಾರಿ ಇರುವುದಿಲ್ಲ.

ಹೆಸರು ನೋಡಿ ಮೋಸ ಹೋಗಬೇಡಿ, ಕೋಡ್‌ನೇಮ್ (ಮಾಡೆಲ್‌ನ ಒಳಹೆಸರು) ನೋಡಿ. ಪೋಕೋ ಎಫ್1ರ ಕೋಡ್‌ನೇಮ್ ಬೆರಿಲಿಯಂ. ರೆಡ್‌ಮಿ ನೋಟ್ 4 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಫೋನ್‌ಗಳಿದ್ದವು. ಒಂದಕ್ಕೆ ಮೀಡಿಯಾಟೆಕ್ ಚಿಪ್, ಇನ್ನೊಂದಕ್ಕೆ ಸ್ನ್ಯಾಪ್‌ಡ್ರ್ಯಾಗನ್. ಒಂದರ ಫೈಲ್ ಇನ್ನೊಂದಕ್ಕೆ ಹಾಕಿದರೆ ಫೋನ್ ಇಟ್ಟಿಗೆ.

ಲಿನಿಯೇಜ್ ಸೈಟಿನ ನಿಮ್ಮ ಫೋನಿನ ಪುಟದಲ್ಲಿ ವೋಲ್ಟಿ (4ಜಿ ಮೇಲೆ ಕರೆ) ನಡೆಯುತ್ತದಾ ಅಂತಲೂ ನೋಡಿ. ಜಿಯೋಗೆ 2ಜಿ, 3ಜಿ ಇಲ್ಲ. ವೋಲ್ಟಿ ಕೆಟ್ಟರೆ ಇಂಟರ್ನೆಟ್ ಇದ್ದರೂ ಮಾಮೂಲಿ ಕರೆ ಹೋಗುವುದಿಲ್ಲ.

ಹಂತ 3: ಬ್ಯಾಕಪ್

ಅನ್‌ಲಾಕ್ ಆದ ಕ್ಷಣ ಫೋನ್ ಪೂರ್ತಿ ಅಳಿಯುತ್ತದೆ. ಫೋಟೋ, ವಾಟ್ಸಾಪ್ ಚಾಟ್, ಓಟಿಪಿ ಕೊಡುವ ಆತೆಂಟಿಕೇಟರ್ ಆಪ್‌ಗಳು, ಎಲ್ಲವನ್ನೂ ಬೇರೆಡೆಗೆ ಸಾಗಿಸಿ. ಆತೆಂಟಿಕೇಟರ್ ಮರೆಯುವವರೇ ಜಾಸ್ತಿ.

ಹಂತ 4: ಅನ್‌ಲಾಕ್

ಶಿಯೋಮಿಯ ಹಳೇ ಸಾಫ್ಟ್‌ವೇರ್ ಮಿಯುಐ ಇರುವ ಫೋನ್‌ಗಳಲ್ಲಿ ಇದು ತಾಳ್ಮೆ ಬೇಡುವ ಕೆಲಸ. ಸೆಟ್ಟಿಂಗ್ಸ್‌ನಲ್ಲಿ ಮಿಯುಐ ವರ್ಷನ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆಯಿರಿ. ಓಇಎಂ ಅನ್‌ಲಾಕಿಂಗ್ ಆನ್ ಮಾಡಿ. ವೈಫೈ ಆಫ್ ಮಾಡಿ, ಸಿಮ್ ಡೇಟಾ ಆನ್ ಮಾಡಿ. ಆಮೇಲೆ ಮಿ ಅನ್‌ಲಾಕ್ ಸ್ಟೇಟಸ್‌ಗೆ ಹೋಗಿ ನಿಮ್ಮ ಶಿಯೋಮಿ ಖಾತೆ ಸೇರಿಸಿ. ವೈಫೈನಲ್ಲೇ ಕೂತು 'ಆಗ್ತಾನೇ ಇಲ್ಲ' ಅನ್ನುವವರಿಗೆ ಲೆಕ್ಕವಿಲ್ಲ.

ಕಂಪ್ಯೂಟರಿನ ಮಿ ಅನ್‌ಲಾಕ್ ಟೂಲ್ ಈಗ ಸಾಮಾನ್ಯವಾಗಿ 168 ಗಂಟೆ ಕಾಯಿರಿ ಅನ್ನುತ್ತದೆ, ಅಂದರೆ ಒಂದು ವಾರ. ಕಾಯಿರಿ. 'ಸರಿಯಾಗಿ ಸೇರಿದೆಯೋ ಇಲ್ಲವೋ' ಅಂತ ಮಧ್ಯದಲ್ಲಿ ಖಾತೆಯನ್ನು ಮತ್ತೆ ಸೇರಿಸಲು ಹೋದರೆ ಗಡಿಯಾರ ಮೊದಲಿನಿಂದ ಓಡುತ್ತದೆ. ದುಡ್ಡು ಕೊಟ್ಟರೆ ಈಗಲೇ ಮಾಡಿಕೊಡುತ್ತೇವೆ ಅನ್ನುವವರು ನಿಮ್ಮ ಪಾಸ್‌ವರ್ಡ್ ಕೇಳುತ್ತಾರೆ, ಕಂಪ್ಯೂಟರನ್ನು ದೂರದಿಂದ ನಡೆಸಲು ಕೇಳುತ್ತಾರೆ. ಕೊಡಬೇಡಿ.

ವಾರ ಕಳೆದ ಮೇಲೆ ಫೋನ್ ಆಫ್ ಮಾಡಿ, ವಾಲ್ಯೂಮ್ ಡೌನ್ ಮತ್ತು ಪವರ್ ಒಟ್ಟಿಗೆ ಒತ್ತಿ ಹಿಡಿದರೆ ಫಾಸ್ಟ್‌ಬೂಟ್ (ಕಂಪ್ಯೂಟರಿನ ಆಜ್ಞೆ ಕೇಳುವ ಸ್ಥಿತಿ) ಬರುತ್ತದೆ. ಕೇಬಲ್ ಜೋಡಿಸಿ, ಟೂಲ್‌ನಲ್ಲಿ ಅದೇ ಖಾತೆಯಿಂದ ಅನ್‌ಲಾಕ್ ಒತ್ತಿ. ಫೋನ್ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಚಾರ್ಜ್‌ಗೆ ಮಾತ್ರ, ಡೇಟಾ ತಂತಿಯೇ ಇರುವುದಿಲ್ಲ. ಆಮೇಲೆ ಪೋರ್ಟ್ ಬದಲಿಸಿ. ಫಾಸ್ಟ್‌ಬೂಟ್‌ಗೆ ನೀಲಿ ಪೋರ್ಟಿಗಿಂತ ಹಳೆಯ ಯುಎಸ್‌ಬಿ 2.0 ಪೋರ್ಟ್ ವಾಸಿ. ಇವೆರಡೂ ಆಗದಿದ್ದರೆ ಮಾತ್ರ ಡ್ರೈವರ್ ನೋಡಿ.

ಹಂತ 5: ರಾಮ್ ಹಾಕುವುದು

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನ. ಮೂರು ಫೈಲ್ ಬೇಕು: ಲಿನಿಯೇಜ್ ರಿಕವರಿ (ರಾಮ್ ಹಾಕಲು ಬಳಸುವ ಚಿಕ್ಕ ಸಿಸ್ಟಂ), ಲಿನಿಯೇಜ್ ಜಿಪ್, ಗೂಗಲ್ ಆಪ್‌ಗಳ ಜಿಪ್. ಗೂಗಲ್ ಆಪ್‌ಗಳಿಗೆ ನಾನು ಹೇಳುವುದು ಮೈಂಡ್‌ದಗ್ಯಾಪ್ಸ್ ಎಂಬ ಪ್ಯಾಕ್. ಆಂಡ್ರಾಯ್ಡ್ ಆವೃತ್ತಿ ರಾಮ್‌ಗೆ ಹೊಂದಬೇಕು. ಲಿನಿಯೇಜ್ ಪುಟದಲ್ಲಿ ಯಾವ ಫರ್ಮ್‌ವೇರ್ (ಚಿಪ್‌ಗಳನ್ನು ನಡೆಸುವ, ಕಂಪನಿಯ ಸಾಫ್ಟ್‌ವೇರ್) ಬೇಕು ಅಂತ ಬರೆದಿದ್ದರೆ ಅದನ್ನು ಮೊದಲು ಹಾಕಿ. ಹಳೆಯ ಫರ್ಮ್‌ವೇರ್‌ಗೆ ಇಳಿಯಲು ಹೋಗಬೇಡಿ. ಶಿಯೋಮಿಯ ಆಂಟಿ ರೋಲ್‌ಬ್ಯಾಕ್ ವ್ಯವಸ್ಥೆಯಿಂದ 2018ರಲ್ಲಿ ರೆಡ್‌ಮಿ ನೋಟ್ 5 ಪ್ರೊ ಫೋನ್‌ಗಳು ಸತ್ತದ್ದು ಹೀಗೇ ಇಳಿಸಲು ಹೋಗಿ.

ಫಾಸ್ಟ್‌ಬೂಟ್‌ನಿಂದ ರಿಕವರಿ ಫ್ಲ್ಯಾಶ್ ಮಾಡಿದ, ಅಂದರೆ ಫೋನಿಗೆ ಬರೆದ ಮೇಲೆ ಫೋನನ್ನು ಮಾಮೂಲಾಗಿ ಆನ್ ಆಗಲು ಬಿಡಬೇಡಿ. ಬಿಟ್ಟರೆ ಮಿಯುಐ ತನ್ನ ಹಳೇ ರಿಕವರಿಯನ್ನು ವಾಪಸ್ ಕೂರಿಸುತ್ತದೆ, ನೀವು ಮತ್ತೆ ಮೊದಲಿಗೆ. ಪವರ್ ಒತ್ತಿ ಹಿಡಿದು, ಪರದೆ ಕಪ್ಪಾದ ಕೂಡಲೇ ವಾಲ್ಯೂಮ್ ಅಪ್ ಮತ್ತು ಪವರ್ ಒತ್ತಿ. ಲಿನಿಯೇಜ್ ಲಾಂಛನ ಕಂಡರೆ ಗೆದ್ದಿರಿ. ಮಿ ರಿಕವರಿ ಬಂದರೆ ಮತ್ತೆ ಫ್ಲ್ಯಾಶ್ ಮಾಡಿ.

ಮುಂದಿನದು ರಿಕವರಿ ಮೆನುವಿನ ಫಾರ್ಮ್ಯಾಟ್ ಡೇಟಾ. 'ಅನ್‌ಲಾಕ್‌ನಲ್ಲೇ ಎಲ್ಲ ಅಳಿಯಿತಲ್ಲ, ಮತ್ತೆ ಯಾಕೆ' ಅಂತ ಬಿಡುವವರಿದ್ದಾರೆ. ಹಳೇ ಸಿಸ್ಟಂ ಎನ್‌ಕ್ರಿಪ್ಟ್ ಮಾಡಿದ ಜಾಗವನ್ನು ಹೊಸದು ಓದಲಾರದು. ಫೋನ್ ಲೋಗೋ ತೋರಿಸುತ್ತಾ ಸುತ್ತುತ್ತಲೇ ಇರುತ್ತದೆ. ನನ್ನ ಹತ್ತಿರ ಬರುವ 'ಸತ್ತ' ಫೋನ್‌ಗಳಲ್ಲಿ ಬಹುಪಾಲು ಇದೊಂದೇ ಕಾರಣಕ್ಕೆ ಬರುತ್ತವೆ.

ಈಗ ಅಪ್ಲೈ ಅಪ್‌ಡೇಟ್, ಅಪ್ಲೈ ಫ್ರಮ್ ಎಡಿಬಿ. ಕಂಪ್ಯೂಟರಿನಿಂದ ಲಿನಿಯೇಜ್ ಜಿಪ್ ಸೈಡ್‌ಲೋಡ್ ಮಾಡಿ, ಅಂದರೆ ಕೇಬಲ್ ಮೂಲಕ ಕಳಿಸಿ. ಶೇಕಡಾ 47ರಲ್ಲಿ ಲೆಕ್ಕ ನಿಲ್ಲಬಹುದು. ಗಾಬರಿಯಾಗಿ ಕೇಬಲ್ ಕೀಳಬೇಡಿ! ಎಷ್ಟೋ ಸಲ ಅಲ್ಲಿಗೇ ಮುಗಿದಿರುತ್ತದೆ, ಯಶಸ್ವಿಯಾದರೂ ಕಂಪ್ಯೂಟರ್ 47 ಅಂತಲೇ ತೋರಿಸುತ್ತದೆ. ಕಂಪ್ಯೂಟರ್ ಹೇಳುವುದನ್ನು ಬಿಡಿ, ಫೋನಿನ ಪರದೆ ನೋಡಿ.

ಅದು ಮುಗಿದ ಮೇಲೆ, ಫೋನನ್ನು ಇನ್ನೂ ಆನ್ ಮಾಡದೆ, ಗೂಗಲ್ ಜಿಪ್ ಸೈಡ್‌ಲೋಡ್ ಮಾಡಿ. ಒಮ್ಮೆ ಲಿನಿಯೇಜ್ ಆನ್ ಆಗಿ ಆಮೇಲೆ ಗೂಗಲ್ ಹಾಕಿದರೆ ಆಪ್‌ಗಳು ಒಂದೊಂದಾಗಿ ಕುಸಿಯುತ್ತವೆ, ಮತ್ತೆ ಫಾರ್ಮ್ಯಾಟ್ ಮಾಡುವುದೇ ದಾರಿ. ಹಾಕುವಾಗ 'ಸಹಿ ಪರಿಶೀಲನೆ ವಿಫಲ, ಆದರೂ ಹಾಕಲೇ' ಅಂತ ಕೇಳುತ್ತದೆ. ಆ ಜಿಪ್ ಮೇಲೆ ಲಿನಿಯೇಜ್‌ನ ಸಹಿ ಇಲ್ಲವಲ್ಲ, ಕೇಳಲೇಬೇಕು. ಹೌದು ಅನ್ನಿ. ಲಿನಿಯೇಜ್ ಜಿಪ್‌ಗೇ ಹೀಗೆ ಕೇಳಿದರೆ ಮಾತ್ರ ನಿಲ್ಲಿಸಿ, ಫೈಲ್ ಕೆಟ್ಟಿದೆ ಅಥವಾ ಅಧಿಕೃತವಲ್ಲ.

ರೀಬೂಟ್. ಮೊದಲ ಸಲ ಕಾಲು ಗಂಟೆ ಹಿಡಿಯಬಹುದು, ಟೀ ಕುಡಿದು ಬನ್ನಿ.

ಹಂತ 6: ಆನ್ ಆದ ಮೇಲೆ

ಮೊದಲು *#06# ಒತ್ತಿ ಫೋನಿನ ಗುರುತಿನ ಸಂಖ್ಯೆ ಐಎಂಇಐ ಬರುತ್ತದಾ ನೋಡಿ. ಎರಡೂ ಸಿಮ್‌ನಿಂದ ಕರೆ ಮಾಡಿ. ಐಎಂಇಐ ಕಾಣಿಸದಿದ್ದರೆ ಮೂಲ ಫರ್ಮ್‌ವೇರ್ ಪೂರ್ತಿ ಹಾಕಿ ನೋಡಿ. ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ನಿಮ್ಮೂರಿನ ಮೊಬೈಲ್ ಅಂಗಡಿ ಇರಲಿ, 'ಬೇರೆ ಐಎಂಇಐ ಬರೆದುಕೊಡ್ತೀವಿ' ಅಂದವರ ಹತ್ತಿರ ಫೋನ್ ಬಿಡಬೇಡಿ. ಕಾನೂನಿನ ಪ್ರಕಾರ ಅದು ಅಪರಾಧ.

ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ವರ್ಷನ್ ಒತ್ತಿದರೆ ಭದ್ರತಾ ಪ್ಯಾಚ್‌ನ ಎರಡು ದಿನಾಂಕ ಕಾಣುತ್ತವೆ. ಆಂಡ್ರಾಯ್ಡ್‌ನದು ಹೊಸದು, ವೆಂಡರ್‌ನದು (ಫೋನ್ ಕಂಪನಿಯ ಭಾಗದ್ದು) ಹಳೆಯದು. ಮೋಡೆಮ್, ಚಿಪ್ ಮಟ್ಟದ ತೇಪೆ ಕಂಪನಿಯೇ ಕೊಡಬೇಕು, ಕಸ್ಟಮ್ ರಾಮ್‌ನವರ ಕೈಲಿ ಅದಿಲ್ಲ. ಹಾಗಾಗಿ ಈ ಫೋನ್ ಮೊದಲಿಗಿಂತ ಸುರಕ್ಷಿತ, ಆದರೆ ಹೊಸ ಫೋನಿನಷ್ಟು ಅಲ್ಲ. ಮಕ್ಕಳ ಓದಿಗೆ, ಹಾಡಿಗೆ, ಕಾರಿನಲ್ಲಿ ದಾರಿ ತೋರಿಸಲು, ಅಜ್ಜಿಯ ವಿಡಿಯೋ ಕಾಲ್‌ಗೆ ಧಾರಾಳ ಸಾಕು.

ಕಂಪನಿಯ ಕ್ಯಾಮೆರಾ ಆಪ್ ಹೋಗಿರುತ್ತದೆ. ಫೋಟೋ ಮುಖ್ಯ ಅನ್ನುವವರಿಗೆ ಬೇಸರ ಆಗಬಹುದು.

ಕೊನೆಗೊಂದು ಎಚ್ಚರಿಕೆ. 'ಎಲ್ಲ ಸರಿಯಾಯಿತು, ಬ್ಯಾಂಕ್ ಆಪ್ ನಡೆಯಲಿ' ಅಂತ ಕಸ್ಟಮ್ ರಾಮ್ ಇರುವಾಗಲೇ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಬೇಡಿ. ಬೂಟ್‌ಲೋಡರ್ ಕಂಪನಿ ಸಹಿ ಹುಡುಕುತ್ತದೆ, ಸಿಗುವುದಿಲ್ಲ, ಫೋನ್ ಏಳುವುದಿಲ್ಲ. ಪಿಕ್ಸೆಲ್‌ನಲ್ಲಿ ಗ್ರಾಫೀನ್ ಓಎಸ್ ಎಂಬ ಕಸ್ಟಮ್ ರಾಮ್ ಹಾಕಿದವರು ಮರು ಲಾಕ್ ಮಾಡಬಹುದು, ಅದಕ್ಕೆ ಪಿಕ್ಸೆಲ್‌ನಲ್ಲಿ ವ್ಯವಸ್ಥೆ ಇದೆ. ಬೀಗ ವಾಪಸ್ ಹಾಕಲೇಬೇಕು, ಫೋನ್ ಮಾರಬೇಕು ಅನ್ನುವುದಾದರೆ ಮೊದಲು ಅದೇ ಮಾಡೆಲ್‌ನ, ನಮ್ಮ ದೇಶದ ಮೂಲ ಸಾಫ್ಟ್‌ವೇರ್ ಹಾಕಿ, ಆನ್ ಮಾಡಿ ನೋಡಿ, ಆಮೇಲೆ ಲಾಕ್ ಮಾಡಿ. ಆಗಲೂ ಫೋನ್ ಮತ್ತೊಮ್ಮೆ ಪೂರ್ತಿ ಅಳಿಯುತ್ತದೆ.